ಅಪ್ಪನ ಶಿಫ್ಟು, ಮಕ್ಕಳ ಓದು: ನಮ್ಮ ಮನೆಯ ಹೋಮ್‌ಸ್ಕೂಲಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಮೈಸೂರಿನವರು. ಮನೆಯಲ್ಲಿ ಐದು ಜನ. ನಾನು, ನಮ್ಮ ಯಜಮಾನರು, ಅತ್ತೆ, 11 ವರ್ಷದ ಮಗಳು, 7 ವರ್ಷದ ಮಗ. ನಾಲ್ಕು ವರ್ಷದ ಹಿಂದೆ ಮಗಳನ್ನು ಶಾಲೆಯಿಂದ ಬಿಡಿಸಿದೆವು. ಮಗ ಶಾಲೆಗೆ ಹೋಗಿಯೇ ಇಲ್ಲ. ಇಬ್ಬರೂ ಮನೆಯಲ್ಲೇ ಕಲಿಯುತ್ತಿದ್ದಾರೆ. ಮದುವೆ ಮನೆಯಲ್ಲಿ, ತರಕಾರಿ ಗಾಡಿ ಹತ್ತಿರ, ಫೋನಿನಲ್ಲಿ ಜನ ನನ್ನನ್ನು ಕೇಳುವ ಪ್ರಶ್ನೆಗಳೇ ಇಲ್ಲಿವೆ. ಎದುರಿಗೆ ಸಿಕ್ಕಾಗ ಎರಡು ಮಾತಿನಲ್ಲಿ ಮುಗಿಸಿಬಿಡುತ್ತೇನೆ. ಸರಿಯಾಗಿ ಹೇಳಬೇಕು ಅಂತ ಕೂತು ಬರೆದಿದ್ದೇನೆ.

ಶಾಲೆ ಯಾಕೆ ಬಿಡಿಸಿದಿರಿ? ಏನಾದರೂ ತೊಂದರೆ ಆಯ್ತಾ?

ಶಾಲೆಯಿಂದ ತೊಂದರೆ ಏನೂ ಆಗಲಿಲ್ಲ. ಟೀಚರುಗಳು ಒಳ್ಳೆಯವರೇ ಇದ್ದರು.

ನಮ್ಮ ಯಜಮಾನರದು ಫ್ಯಾಕ್ಟರಿ ಕೆಲಸ. ವಾರಕ್ಕೊಂದು ಶಿಫ್ಟು ಬದಲಾಗುತ್ತದೆ. ಸೆಕೆಂಡ್ ಶಿಫ್ಟ್ ಇದ್ದ ವಾರ ಅವರು ಮಧ್ಯಾಹ್ನ 1 ಗಂಟೆಗೆ ಮನೆ ಬಿಟ್ಟರೆ ವಾಪಸ್ ಬರುವುದು ರಾತ್ರಿ 10.30ಕ್ಕೆ. ಮಗಳು ಬೆಳಿಗ್ಗೆ 7.30ಕ್ಕೆ ವ್ಯಾನ್ ಹತ್ತಿ ಹೋದರೆ ಬರುವುದು ಸಂಜೆ 4ಕ್ಕೆ. ಇವಳು ಹೊರಡುವಾಗ ಅವರು ಮಲಗಿರುತ್ತಿದ್ದರು, ಅವರು ಬರುವಾಗ ಇವಳು ಮಲಗಿರುತ್ತಿದ್ದಳು. ಒಂದು ಭಾನುವಾರ ದೋಸೆ ತಿನ್ನುತ್ತಾ ಕೂತಿದ್ದವಳು ತಲೆ ಎತ್ತಿ, 'ಅಪ್ಪ, ಈ ವಾರ ನೀವು ಊರಿಗೆ ಹೋಗಿದ್ರಾ?' ಅಂತ ಕೇಳಿದಳು. ಅವರು ವಾರವಿಡೀ ಮನೆಯಲ್ಲೇ ಇದ್ದರು. ಯಾರೂ ಮಾತಾಡಲಿಲ್ಲ. ಅವರು ಕೈ ತೊಳೆದು ಹೊರಗೆ ಹೋಗಿ ನಿಂತರು.

ಫ್ಯಾಕ್ಟರಿಯ ಟೈಮು ನಾವು ಬದಲಾಯಿಸೋಕೆ ಆಗಲ್ಲ. ಶಾಲೆಯ ಟೈಮೂ ಬದಲಾಗಲ್ಲ. ನಮ್ಮ ಕೈಯಲ್ಲಿದ್ದದ್ದು ಒಂದೇ ದಾರಿ, ಅದನ್ನು ಹಿಡಿದೆವು.

ಇದು ಕಾನೂನು ಪ್ರಕಾರ ಸರಿಯಾ? ಯಾರಾದರೂ ಬಂದು ಕೇಳಿದರೆ?

2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣ ಕೊಡುವ ಕಾಯ್ದೆ ಅದು. ಹೋಮ್‌ಸ್ಕೂಲಿಂಗ್ ಎಂಬ ಮಾತೇ ಅದರಲ್ಲಿ ಇಲ್ಲ. 10ನೇ ಸೆಕ್ಷನ್ನಿನಲ್ಲಿ ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ತಂದೆ ತಾಯಿಯ ಕರ್ತವ್ಯ ಅಂತಿದೆ. ಸೇರಿಸದಿದ್ದರೆ ತಂದೆ ತಾಯಿಗೆ ಇಷ್ಟು ದಂಡ ಅಂತ ಆ ಕಾಯ್ದೆ ಹೇಳುವುದಿಲ್ಲ. ಅಂದರೆ ಹೂಂ ಅಂತಲೂ ಇಲ್ಲ, ಉಹೂಂ ಅಂತಲೂ ಇಲ್ಲ. 'ಕಾನೂನಿನಲ್ಲಿ ಪೂರ್ತಿ ಅವಕಾಶ ಇದೆ' ಅಂತ ನಾನು ಯಾರಿಗೂ ಹೇಳುವುದಿಲ್ಲ, ಹೇಳಬಾರದು ಕೂಡ.

ಶಾಲೆ ಬಿಟ್ಟ ಮಕ್ಕಳ ಲೆಕ್ಕ ತೆಗೆಯುವವರು ಒಮ್ಮೆ ನಮ್ಮ ಮನೆಗೂ ಬಂದಿದ್ದರು. ನಾನು ಫೈಲು ತಂದು ಇಟ್ಟೆ. ಮಕ್ಕಳ ನೋಟ್‌ಬುಕ್ಕು, ಓದಿದ ಪುಸ್ತಕಗಳ ಪಟ್ಟಿ, ಜನನ ಪ್ರಮಾಣಪತ್ರ, ಮಗಳ ಟಿಸಿ, ಎಲ್ಲ ಅದರಲ್ಲಿದ್ದವು. ಬಂದ ಮೇಡಂ ಮಗನ ಕೈಲಿ ಒಂದು ಪುಟ ಓದಿಸಿದರು, ಕಾಫಿ ಕುಡಿದು ಹೋದರು. ನೀವು ಬೇರೆ ಏನು ಇಟ್ಟುಕೊಳ್ಳದಿದ್ದರೂ ಈ ಫೈಲು ಇಟ್ಟುಕೊಳ್ಳಿ.

ನಿಮ್ಮ ಒಂದು ವಾರ ಹೇಗಿರುತ್ತದೆ?

ನಮ್ಮ ಮನೆಯಲ್ಲಿ ವಾರ ಶುರುವಾಗುವುದು ಸೋಮವಾರಕ್ಕಲ್ಲ, ಶಿಫ್ಟ್ ಪಟ್ಟಿ ನೋಡಿದ ಮೇಲೆ. ಐದೂ ಜನ ಎಚ್ಚರವಾಗಿ ಒಟ್ಟಿಗೆ ಮನೆಯಲ್ಲಿರುವ ಹೊತ್ತು ಯಾವುದು ಅಂತ ಮೊದಲು ನೋಡುತ್ತೇವೆ. ಆ ಹೊತ್ತು ಓದಿಗೆ. ಉಳಿದದ್ದೆಲ್ಲ ಅದರ ಸುತ್ತ.

ಫಸ್ಟ್ ಶಿಫ್ಟ್ ವಾರ ಅವರು ಬೆಳಿಗ್ಗೆ 5 ಗಂಟೆಗೇ ಹೊರಡುತ್ತಾರೆ. ಮಕ್ಕಳು ಏಳುವುದು 7ಕ್ಕೆ. ತಿಂಡಿ ಆದ ಮೇಲೆ ಲೆಕ್ಕ, ಬರವಣಿಗೆ ನನ್ನ ಜೊತೆ. ಅವರು ಮಧ್ಯಾಹ್ನ ಬಂದು ಊಟ ಮಾಡಿ ಒಂದು ನಿದ್ದೆ ತೆಗೆಯುತ್ತಾರೆ. ಸಂಜೆ 5ಕ್ಕೆ ಎಲ್ಲರೂ ಜಗಲಿಯಲ್ಲಿ ಕೂತು ಓದುತ್ತೇವೆ, ಬೆಳಕು ಹೋಗುವ ತನಕ.

ಸೆಕೆಂಡ್ ಶಿಫ್ಟ್ ವಾರ ಓದು ಬೆಳಿಗ್ಗೆ. 8.30ಕ್ಕೆ ತಿಂಡಿ ಮುಗಿದಿರಬೇಕು, ಪಾತ್ರೆ ಹಾಗೇ ಇದ್ದರೂ ಪರವಾಗಿಲ್ಲ. 10 ಗಂಟೆ ತನಕ ಓದು. ಆಮೇಲೆ ಅಪ್ಪ ಮಗಳು ಸೇರಿ ಏನಾದರೂ ಬಿಚ್ಚುವುದು, ಜೋಡಿಸುವುದು. ಕಳೆದ ತಿಂಗಳು ಹಳೆ ಮಿಕ್ಸಿಯ ಮೋಟರ್ ಬಿಚ್ಚಿ ತಾಮ್ರದ ತಂತಿ ಸುತ್ತಿರುವುದನ್ನು ಎಣಿಸಲು ಹೋಗಿ ಎರಡು ದಿನ ಅದರಲ್ಲೇ ಕಳೆದರು.

ನೈಟ್ ಶಿಫ್ಟ್ ವಾರ ಕಷ್ಟದ್ದು. ಅವರು ಬೆಳಿಗ್ಗೆ 7ಕ್ಕೆ ಬಂದು ಮಲಗಿದರೆ ಏಳುವುದು 1 ಗಂಟೆಗೆ. ಮನೆ ಚಿಕ್ಕದು, ಇಬ್ಬರು ಮಕ್ಕಳು ಪಿಸುಮಾತಿನಲ್ಲಿ ಎಷ್ಟು ಹೊತ್ತು ಇರ್ತಾರೆ? ಅದಕ್ಕೇ ಆ ವಾರ ನಾವು ಬೆಳಿಗ್ಗೆ ಹೊತ್ತು ಮನೆಯಲ್ಲಿ ಇರುವುದೇ ಇಲ್ಲ. ಡಬ್ಬಿಗೆ ಚಿತ್ರಾನ್ನ ಹಾಕಿಕೊಂಡು ಹೊರಡುತ್ತೇವೆ. ಒಂದು ದಿನ ಕುಕ್ಕರಹಳ್ಳಿ ಕೆರೆ, ಒಂದು ದಿನ ಲೈಬ್ರರಿ, ಒಂದು ದಿನ ರೈಲ್ವೆ ಮ್ಯೂಸಿಯಂ ಅಥವಾ ಕಾರಂಜಿ ಕೆರೆ ಪಕ್ಕದ ಪ್ರಾಕೃತಿಕ ವಿಜ್ಞಾನ ಮ್ಯೂಸಿಯಂ, ಒಂದು ದಿನ ದೇವರಾಜ ಮಾರುಕಟ್ಟೆ. ಓದು ಸಂಜೆ ದೀಪ ಹಚ್ಚಿದ ಮೇಲೆ, ಅವರು ಕೆಲಸಕ್ಕೆ ಹೊರಡುವ ಮುಂಚೆ. ಶುರುವಿನಲ್ಲಿ ಈ ವಾರ ಬಂತು ಅಂದರೆ ನನಗೆ ತಲೆನೋವು ಬರುತ್ತಿತ್ತು. ಈಗ ಮಕ್ಕಳು ಕಾಯುವುದೇ ಈ ವಾರಕ್ಕೆ.

ಇನ್ನೊಂದು ಸಂಗತಿ ಇದೆ. ನಾನು ಮನೆಯಿಂದಲೇ ನಾಲ್ಕೈದು ಅಂಗಡಿಗಳ ಲೆಕ್ಕ ನೋಡುತ್ತೇನೆ. ತಿಂಗಳ 11 ಮತ್ತು 20ನೇ ತಾರೀಖು ಜಿಎಸ್‌ಟಿ ರಿಟರ್ನ್ ಹಾಕುವ ಕೊನೇ ದಿನ. ಅದರ ಹಿಂದಿನ ಎರಡು ದಿನ ನನ್ನಿಂದ ಪಾಠ ಇಲ್ಲ. ಅತ್ತೆ ಇದ್ದಾರೆ, ಪುಸ್ತಕ ಇದೆ, ಹಿತ್ತಲಿದೆ.

ದಿನಕ್ಕೆ ಎಷ್ಟು ಗಂಟೆ ಪಾಠ?

ಕೂತು ಬರೆಯುವ ಪಾಠ ಅಂದರೆ ಮಗಳಿಗೆ ಎರಡು ಗಂಟೆ, ಮಗನಿಗೆ ಮುಕ್ಕಾಲು ಗಂಟೆ. ಒಟ್ಟಿಗೆ ಓದುವುದು ಒಂದರಿಂದ ಒಂದೂವರೆ ಗಂಟೆ. 'ಇಷ್ಟೇನಾ?' ಅಂತ ಎಲ್ಲರೂ ಕೇಳುತ್ತಾರೆ. ಇಬ್ಬರೇ ಮಕ್ಕಳಲ್ವಾ, ಹಾಜರಿ ಇಲ್ಲ, ಸಾಲು ನಿಲ್ಲಿಸುವುದಿಲ್ಲ, ಬೇರೆಯವರು ಬರೆದು ಮುಗಿಸುವ ತನಕ ಕಾಯುವುದಿಲ್ಲ. ಗೊತ್ತಾಗದಿದ್ದರೆ ಅಲ್ಲೇ ನಿಲ್ಲುತ್ತೇವೆ, ಗೊತ್ತಾದರೆ ಮುಂದಕ್ಕೆ ಹೋಗುತ್ತೇವೆ.

11 ವರ್ಷದ ಹುಡುಗಿಗೂ ಪುಸ್ತಕ ಓದಿ ಹೇಳಬೇಕಾ? ಅವಳೇ ಓದಿಕೊಳ್ಳಬಹುದಲ್ಲ?

ಓದಿಕೊಳ್ಳುತ್ತಾಳೆ, ರಾತ್ರಿ ದೀಪ ಆರಿಸು ಅಂತ ನಾಲ್ಕು ಸಲ ಹೇಳಬೇಕು. ಆದರೂ ಓದಿ ಹೇಳುತ್ತೇವೆ. ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ, ಯಾಕಂದರೆ ನಮ್ಮ ಮನೆಯ ಕಲಿಕೆ ನಿಂತಿರುವುದೇ ಇದರ ಮೇಲೆ.

ನಮ್ಮ ಕಡೆ ಓದು ಅಂದರೆ ಒಬ್ಬರೇ ಮೂಲೆಯಲ್ಲಿ ಕೂತು ಕಣ್ಣಲ್ಲಿ ಓದುವುದು ಅಂತ ಇರಲಿಲ್ಲ. ಗಮಕ ನೋಡಿ. ಒಬ್ಬರು ಕಾವ್ಯವನ್ನು ರಾಗವಾಗಿ ವಾಚನ ಮಾಡುತ್ತಾರೆ, ಪಕ್ಕದಲ್ಲಿ ಕೂತವರು ವ್ಯಾಖ್ಯಾನ ಮಾಡುತ್ತಾರೆ. ಅಕ್ಷರ ಬರದವರೂ ಕೂತು ಭಾರತ ಕೇಳುತ್ತಿದ್ದರು, ಮಾರನೇ ದಿನ ಗದ್ದೆಯಲ್ಲಿ ಅದೇ ಮಾತಾಡುತ್ತಿದ್ದರು. ಶಿವಮೊಗ್ಗ ಹತ್ತಿರದ ಹೊಸಹಳ್ಳಿಯಲ್ಲಿ ಗಮಕ ಇವತ್ತಿಗೂ ಜೀವಂತ. ನಮ್ಮ ಅತ್ತೆಯ ತಂದೆ ಶ್ರಾವಣ ಮಾಸದಲ್ಲಿ ಮನೆಯಲ್ಲಿ ಓದಿಸುತ್ತಿದ್ದರಂತೆ. ಅತ್ತೆಗೆ ಕುಮಾರವ್ಯಾಸನ ಎಷ್ಟೋ ಪದ್ಯ ಬಾಯಿಗೆ ಬರುತ್ತವೆ. ಇದು ನನಗೆ ಮದುವೆಯಾಗಿ ಹತ್ತು ವರ್ಷ ಆದರೂ ಗೊತ್ತಿರಲಿಲ್ಲ!

ಒಂದು ಸಂಜೆ ಮಗ ಹಠ ಮಾಡುತ್ತಿದ್ದ. ಅತ್ತೆ ಅವನನ್ನು ತೊಡೆ ಮೇಲೆ ಎಳೆದುಕೊಂಡು ಒಂದು ಪದ್ಯ ಹೇಳಿದರು. ಹಠ ನಿಂತಿತು. ಮಗಳು ಹತ್ತಿರ ಬಂದು 'ಅಜ್ಜಿ, ಇದು ಯಾವ ತಾಳ?' ಅಂದಳು. ಅತ್ತೆಗೆ ಉತ್ಸಾಹ ಬಂದುಬಿಟ್ಟಿತು. ಮಾತ್ರೆ ಎಣಿಸುವುದನ್ನು ತೋರಿಸಿಕೊಟ್ಟರು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಭಾಮಿನಿ ಷಟ್ಪದಿಯಲ್ಲಿ ಆರು ಸಾಲು. 1, 2, 4, 5ನೇ ಸಾಲಿನಲ್ಲಿ ಮೂರು ನಾಲ್ಕು, ಮೂರು ನಾಲ್ಕು ಅಂತ 14 ಮಾತ್ರೆ. 3 ಮತ್ತು 6ನೇ ಸಾಲಿನಲ್ಲಿ ಮೂರು ನಾಲ್ಕು ಮೂರು ಸಲ, ಕೊನೆಗೆ ಒಂದು ಗುರು, ಅಂದರೆ 23. ಮಗಳು ಚಪ್ಪಾಳೆ ಹೊಡೆದು ಎಣಿಸಿದಳು. ಆಮೇಲೆ ಸ್ಲೇಟು ತಂದು 14ರ ನಾಲ್ಕರಷ್ಟು 56, 23ರ ಎರಡರಷ್ಟು 46, ಕೂಡಿದರೆ 102 ಅಂತ ಬರೆದಳು. 'ಅಜ್ಜಿ, ಎಲ್ಲಾ ಪದ್ಯದಲ್ಲೂ 102 ಇರುತ್ತಾ?' 'ಇರಲೇಬೇಕು.' ಅವಳಿಗೆ ನಂಬಿಕೆ ಬರಲಿಲ್ಲ. ಮೂರು ದಿನ ಕೂತು ಹತ್ತು ಪದ್ಯ ಎಣಿಸಿದಳು. ಒಂದರಲ್ಲಿ 101 ಬಂತು, ಅಜ್ಜಿ ತಪ್ಪು ಹೇಳಿದ್ದಾರೆ ಅಂತ ಜಗಳಕ್ಕೆ ಹೋದಳು. ಒತ್ತಕ್ಷರದ ಹಿಂದಿನ ಅಕ್ಷರ ಗುರು ಆಗುತ್ತದೆ ಎಂಬುದನ್ನು ಅವಳು ಒಂದು ಕಡೆ ಮರೆತಿದ್ದಳು. ವ್ಯಾಕರಣದ ಆ ನಿಯಮ ಇನ್ನು ಅವಳು ಮರೆಯುವುದಿಲ್ಲ.

ಅವತ್ತಿನಿಂದ ನಮ್ಮ ಓದು ಗಮಕದ ಹಾಗೇ ನಡೆಯುತ್ತದೆ. ಒಬ್ಬರು ಓದುವುದು, ಇನ್ನೊಬ್ಬರು ಬಿಡಿಸಿ ಹೇಳುವುದು. ಅತ್ತೆ ಓದಿದರೆ ನಮ್ಮ ಯಜಮಾನರು ಹೇಳುತ್ತಾರೆ, ನಾನು ಓದಿದರೆ ಮಗಳು ಹೇಳುತ್ತಾಳೆ. ಮಗ ಮಧ್ಯೆ ಬಾಯಿ ಹಾಕಬಹುದು, ಎಷ್ಟು ಬೇಕಾದರೂ. ಒಂದು ಪುಟಕ್ಕೆ ಅರ್ಧ ಗಂಟೆ ಹಿಡಿದ ದಿನವೂ ಇದೆ. ಕಥೆಯೊಳಗಿನ ಅಮ್ಮ ಸತ್ತ ದಿನ ನಮ್ಮ ಯಜಮಾನರಿಗೆ ಗಂಟಲು ಕಟ್ಟಿ ಓದೋಕೆ ಆಗಲಿಲ್ಲ. ಪುಸ್ತಕವನ್ನು ಮಗಳ ಕೈಗೆ ಕೊಟ್ಟರು. ಅವಳು ಉಳಿದ ಎರಡು ಪುಟ ಓದಿ ಮುಗಿಸಿ, ಏನೂ ಕೇಳದೆ ಅಪ್ಪನ ಪಕ್ಕ ಹೋಗಿ ಕೂತಳು. ದೊಡ್ಡವಳಿಗೆ ಓದಿ ಹೇಳುವುದು ಯಾಕೆ ಅಂದರೆ ನನಗೆ ಆ ಸಂಜೆ ನೆನಪಾಗುತ್ತದೆ.

ಮಗ ಓದೋಕೆ ಕಲಿತದ್ದು ಹೇಗೆ?

ನಿಧಾನವಾಗಿ. ತಟ್ಟೆಯಲ್ಲಿ ಅಕ್ಕಿ ಹರಡಿ ಅದರ ಮೇಲೆ ಬೆರಳಲ್ಲಿ ಬರೆಸಿದ್ದು ಅತ್ತೆ. ಮೊದಲು ಮನೆಯವರ ಹೆಸರು, ಆಮೇಲೆ ಕಾಗುಣಿತ. ಕಾಗುಣಿತದ ತನಕ ಸಲೀಸಾಗಿ ಬಂದ. ಒತ್ತಕ್ಷರಕ್ಕೆ ಬಂದಾಗ ನಿಂತುಬಿಟ್ಟ.

ಅದರಲ್ಲೂ ಅರ್ಕಾವತ್ತು. 'ಸೂರ್ಯ' ಅಂತ ಬರೆದರೆ 'ಸೂಯರ' ಅಂತ ಓದುತ್ತಿದ್ದ. 'ಧರ್ಮ' ಅವನ ಬಾಯಲ್ಲಿ 'ಧಮರ'. ಅವನ ತಪ್ಪೂ ಅಲ್ಲ. ಕಣ್ಣಿಗೆ ಮೊದಲು ಬೀಳುವುದು 'ಯ', ರಕಾರದ ಆ ಗುರುತು ಬರುವುದು ಆಮೇಲೆ. ಬಾಯಲ್ಲಿ ಮಾತ್ರ ಅದು ಮೊದಲು ಬರಬೇಕು. ನಾನು ಹತ್ತು ಸಲ ವಿವರಿಸಿದೆ, ತಲೆಗೆ ಹೋಗಲಿಲ್ಲ. ಹನ್ನೊಂದನೇ ಸಲ ನನ್ನ ದನಿ ಏರಿತು. ಅವನು ಪುಸ್ತಕ ಮುಚ್ಚಿಟ್ಟ.

ಅತ್ತೆ ಅಕ್ಕಿ ಆರಿಸುತ್ತಾ ಕೂತಿದ್ದರು. 'ಪುಟ್ಟಾ, ಬಾ ಇಲ್ಲಿ. ರೇಷನ್ ಅಂಗಡಿ ಸಾಲಿನಲ್ಲಿ ನಿಂತಿದ್ವಲ್ಲ ಮೊನ್ನೆ? ಒಬ್ಬ ಹಿಂದಿನಿಂದ ಬಂದು ನಮ್ಮ ಮುಂದೆ ನುಗ್ಗಿದ್ನಲ್ಲ? ಇದೂ ಹಾಗೇ. ಹಿಂದೆ ನಿಂತಿರುತ್ತೆ, ಕೂಗುವಾಗ ಮುಂದೆ ನುಗ್ಗುತ್ತೆ.' ಅಷ್ಟೇ. ಅವನಿಗೆ ಹೊಳೆಯಿತು. ಆಮೇಲೆ ಒಂದು ವಾರ ಬೀದಿಯಲ್ಲಿ ಹೋಗುವಾಗೆಲ್ಲ ಬೋರ್ಡುಗಳ ಮೇಲೆ 'ನುಗ್ಗೋ ಅಕ್ಷರ' ಹುಡುಕಿದ. ದುರ್ಗಾ, ಸರ್ಕಲ್, ಪಾರ್ಕಿಂಗ್, ಕರ್ನಾಟಕ. ಬಸ್ಸಿನಲ್ಲಿ ಜೋರಾಗಿ ಓದುತ್ತಿದ್ದ, ಜನ ತಿರುಗಿ ನೋಡುತ್ತಿದ್ದರು.

ಪಠ್ಯಪುಸ್ತಕದ ವೇಗಕ್ಕಿಂತ ಅವನು ಹಿಂದೆಯೇ ಇದ್ದ. ಆರು ತುಂಬಿದಾಗಲೂ ಸರಾಗವಾಗಿ ಓದುತ್ತಿರಲಿಲ್ಲ. ನನಗೆ ಭಯ ಇತ್ತು. ಏಳಕ್ಕೆ ಬಿದ್ದ ಮೇಲೆ ಒಂದು ದಿನ ನೋಡಿದರೆ ಮಂಚದ ಕೆಳಗೆ ಮಲಗಿಕೊಂಡು ತನ್ನ ಪಾಡಿಗೆ ಓದುತ್ತಿದ್ದ.

ಪುಸ್ತಕಗಳು ಎಲ್ಲಿಂದ? ಖರ್ಚು ಜಾಸ್ತಿ ಅಲ್ವಾ?

ಸಾರ್ವಜನಿಕ ಗ್ರಂಥಾಲಯದಿಂದ ಜಾಸ್ತಿ ತರುತ್ತೇವೆ. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಅಂತ ಶೇ 6 ಸೇರಿರುತ್ತದೆ, ರಸೀದಿ ತೆಗೆದು ನೋಡಿ. ದುಡ್ಡು ಕೊಟ್ಟಾಗಿದೆ, ಬಳಸಿಕೊಳ್ಳಿ. ಮಕ್ಕಳ ಪುಸ್ತಕ ಕೆಲವು ಕಡೆ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿರುತ್ತಾರೆ. ಕೇಳಿ ತೆಗೆಸಿ. ಎರಡನೇ ಸಲ ಹೋದಾಗ ಅವರೇ ತೆಗೆದು ಕೊಡುತ್ತಾರೆ.

ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ 2015ರಿಂದ ಇದೆ. ಕನ್ನಡದ ಚಿತ್ರಪುಸ್ತಕಗಳು ಉಚಿತ, ಕಷ್ಟದ ಮಟ್ಟಕ್ಕೆ ತಕ್ಕ ಹಾಗೆ ವಿಂಗಡಿಸಿದ್ದಾರೆ. ಮಗ ಓದಲು ಕಲಿಯುವಾಗ ಒಂದನೇ ಮಟ್ಟದ ಪುಸ್ತಕಗಳನ್ನು ಪಕ್ಕದ ಬೀದಿಯ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಸೂಜಿ ದಾರದಲ್ಲಿ ಹೊಲಿದು ಕೊಟ್ಟಿದ್ದೆ. ಕೊಂಡುಕೊಳ್ಳುವುದಾದರೆ ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರು ಬಾಲ ಪುಸ್ತಕಾಲಯ, ನವಕರ್ನಾಟಕದ ವಿಜ್ಞಾನ ಪುಸ್ತಕಗಳು ಕೈಗೆಟುಕುವ ಬೆಲೆಗೆ ಸಿಗುತ್ತವೆ. ಪಠ್ಯಪುಸ್ತಕಗಳಂತೂ ರಾಜ್ಯದ್ದು, ಎನ್‌ಸಿಇಆರ್‌ಟಿದು ಎರಡೂ ಪಿಡಿಎಫ್ ರೂಪದಲ್ಲಿ ಬಿಟ್ಟಿ ಸಿಗುತ್ತವೆ.

ಆಯ್ಕೆಗೆ ನನ್ನದೊಂದು ಪರೀಕ್ಷೆ ಇದೆ. ಯಾವುದೇ ಪುಸ್ತಕದ ಒಂದು ಪುಟ ಅಂಗಡಿಯಲ್ಲೇ ನಿಂತು ಮೆಲ್ಲಗೆ ಬಾಯಿಬಿಟ್ಟು ಓದುತ್ತೇನೆ. ನಾಲಿಗೆ ತಡವರಿಸಿದರೆ, ಯಾರೂ ಹೀಗೆ ಮಾತಾಡುವುದಿಲ್ಲ ಅನ್ನಿಸಿದರೆ, ಚಿತ್ರ ಎಷ್ಟು ಚೆನ್ನಾಗಿದ್ದರೂ ವಾಪಸ್ ಇಡುತ್ತೇನೆ.

ಗಣಿತ, ವಿಜ್ಞಾನ ಮನೆಯಲ್ಲಿ ಹೇಳಿಕೊಡೋಕೆ ಆಗುತ್ತಾ?

ಪಠ್ಯಪುಸ್ತಕ ಇಟ್ಟುಕೊಂಡೇ ಮಾಡುತ್ತೇವೆ, ಅದನ್ನು ಬಿಟ್ಟಿಲ್ಲ. ಆದರೆ ಭಿನ್ನರಾಶಿ ಮಗಳಿಗೆ ಬಂದದ್ದು ಪುಸ್ತಕದಿಂದಲ್ಲ, ಇಡ್ಲಿಗೆ ನೆನೆಸುವ ಪಾವಿನಿಂದ. ಅತ್ತೆಯ ಹತ್ತಿರ ಹಳೆಯ ಸೇರು, ಪಾವು, ಚಟಾಕು ಎಲ್ಲ ಇವೆ. ನಾಲ್ಕು ಚಟಾಕು ಒಂದು ಪಾವು, ನಾಲ್ಕು ಪಾವು ಒಂದು ಸೇರು. ನಮ್ಮ ಮನೆ ಲೆಕ್ಕ ನಾಲ್ಕು ಪಾವು ಅಕ್ಕಿಗೆ ಒಂದು ಪಾವು ಉದ್ದು. ನೆಂಟರು ಬಂದಾಗ ಆರು ಪಾವು ಅಕ್ಕಿ ಹಾಕಿದರೆ ಉದ್ದು ಎಷ್ಟು? ಒಂದೂವರೆ ಪಾವು, ಅಂದರೆ ಒಂದು ಪಾವು ಎರಡು ಚಟಾಕು. ಹಿಟ್ಟು ಕೆಟ್ಟರೆ ಎಲ್ಲರ ತಿಂಡಿ ಕೆಡುತ್ತದೆ, ಹಾಗಾಗಿ ಅವಳು ಎರಡು ಸಲ ಲೆಕ್ಕ ಹಾಕುತ್ತಾಳೆ.

ದೇವರಾಜ ಮಾರುಕಟ್ಟೆಯಲ್ಲಿ ಹೂವು ಮಾರಿನ ಲೆಕ್ಕ. ಕೈ ಚಾಚಿ ಅಳೆಯುತ್ತಾರೆ, ಮಾರಿಗೆ ನಾಲ್ಕು ಮೊಳ. ಒಂದು ದಿನ ಮಗಳು 'ಯಾರ ಕೈ?' ಅಂತ ಕೇಳಿದಳು. ಒಳ್ಳೆ ಪ್ರಶ್ನೆ. ಎತ್ತರದ ಒಬ್ಬ ಅಣ್ಣನ ಹತ್ತಿರ ಒಂದು ಮಾರು, ಮೂಲೆಯಲ್ಲಿ ಕೂರುವ ಕುಳ್ಳಗಿನ ಅಜ್ಜಿ ಹತ್ತಿರ ಒಂದು ಮಾರು ತೆಗೆದುಕೊಂಡು ಬಂದೆವು. ಮನೆಗೆ ಬಂದು ಟೇಪಿನಲ್ಲಿ ಅಳೆದರೆ ಅರ್ಧ ಅಡಿಗಿಂತ ಜಾಸ್ತಿ ವ್ಯತ್ಯಾಸ. ಬೆಲೆ ಒಂದೇ. 'ಇನ್ನು ಮೇಲೆ ಆ ಅಣ್ಣನ ಹತ್ತಿರವೇ ತಗೊಳ್ಳೋಣ' ಅಂದಳು. ಅತ್ತೆ ಎರಡು ದಂಡೆಯನ್ನೂ ಎತ್ತಿ ನೋಡಿ, 'ಹೂವು ಎಣಿಸು ಮೊದಲು' ಅಂದರು. ಗೇಣಿಗೆ ಎಷ್ಟು ಹೂವು ಅಂತ ಎಣಿಸಿದರೆ ಅಜ್ಜಿಯ ದಂಡೆ ಒತ್ತಾಗಿ ಕಟ್ಟಿದ್ದು, ಅಣ್ಣನದು ಬಿಡಿ ಬಿಡಿ. ಒಟ್ಟು ಹೂವು ಅಜ್ಜಿಯದರಲ್ಲೇ ಹೆಚ್ಚಿತ್ತು. ಮಗಳು ಅದನ್ನೆಲ್ಲ ಪಟ್ಟಿ ಮಾಡಿ ಬರೆದಿಟ್ಟಿದ್ದಾಳೆ. ಮೀಟರು ಯಾಕೆ ಬೇಕಾಯ್ತು ಎಂಬುದೂ ಅವಳಿಗೆ ತಿಳಿಯಿತು, ಬರೀ ಉದ್ದ ಅಳೆದರೆ ಸಾಲದು ಎಂಬುದೂ ತಿಳಿಯಿತು.

ಸೋಮನಾಥಪುರಕ್ಕೆ ಹೋಗಿ ಬಂದದ್ದು ಇನ್ನೊಂದು. 13ನೇ ಶತಮಾನದ ಹೊಯ್ಸಳ ದೇವಸ್ಥಾನ, 2023ರಲ್ಲಿ ಬೇಲೂರು ಹಳೇಬೀಡಿನ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿತು. ಅಲ್ಲಿ ಮೂರು ಗರ್ಭಗುಡಿ, ಒಂದೊಂದೂ ಹೊರಗಿನಿಂದ 16 ಮೂಲೆಯ ನಕ್ಷತ್ರ. ಮನೆಗೆ ಬಂದ ಮೇಲೆ ನಮ್ಮ ಯಜಮಾನರು ಹಳೆ ಲಗ್ನಪತ್ರಿಕೆಗಳಿಂದ ಒಂದೇ ಅಳತೆಯ ನಾಲ್ಕು ಚೌಕ ಕತ್ತರಿಸಿ ನಡುವೆ ಗುಂಡುಸೂಜಿ ಚುಚ್ಚಿದರು. ಒಂದೊಂದನ್ನೂ 22.5 ಡಿಗ್ರಿ ತಿರುಗಿಸಿದರೆ ನಾಲ್ಕು ನಾಲ್ಕಲ 16 ಮೂಲೆ ಎದ್ದು ನಿಂತವು. ಮಗ ಅದನ್ನು ಗೋಡೆಗೆ ಹೊಡೆದಿದ್ದಾನೆ. ಕೋನಮಾಪಕ ಹಿಡಿಯುವುದು ಮಗಳು ಕಲಿತದ್ದು ಅವತ್ತೇ.

ವಿಜ್ಞಾನ ಸದ್ಯಕ್ಕೆ ಜಾಸ್ತಿ ಹಕ್ಕಿ, ಗಿಡ, ಕೆರೆ. ಕುಕ್ಕರಹಳ್ಳಿ ಕೆರೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ್ದು ನೀರಾವರಿಗೆ. ಈಗ ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆ. ನೀರುಕಾಗೆ ಮುಳುಗೆದ್ದ ಮೇಲೆ ರೆಕ್ಕೆ ಬಿಚ್ಚಿ ಬಿಸಿಲಿಗೆ ಹಿಡಿದು ನಿಲ್ಲುತ್ತದೆ, ಬಾತುಕೋಳಿ ಹಾಗೆ ನಿಲ್ಲುವುದಿಲ್ಲ. ಯಾಕೆ ಅಂತ ಮಗ ಎರಡು ವಾರ ಕೇಳಿದ. ನೀರುಕಾಗೆಯ ರೆಕ್ಕೆ ನೀರಿನಲ್ಲಿ ನೆನೆಯುತ್ತದೆ, ಅದರಿಂದಲೇ ಅದಕ್ಕೆ ಆಳಕ್ಕೆ ಮುಳುಗಲು ಸುಲಭ ಅಂತ ಪುಸ್ತಕದಲ್ಲಿ ಹುಡುಕಿ ಕೊಟ್ಟದ್ದು ಅಕ್ಕ. ಮುಂದೆ ರಸಾಯನಶಾಸ್ತ್ರ, ಭೌತಶಾಸ್ತ್ರ ಬಂದಾಗ ನಮ್ಮಿಂದ ಆಗದ್ದಕ್ಕೆ ಟ್ಯೂಷನ್ ಹಾಕುತ್ತೇವೆ.

ಇಬ್ಬರಿಗೂ ವಯಸ್ಸು ಬೇರೆ. ಒಟ್ಟಿಗೆ ಹೇಗೆ ಕಲಿಸುತ್ತೀರಿ?

ನಮ್ಮ ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲೇ 1995ರಲ್ಲಿ ನಲಿ ಕಲಿ ಶುರುವಾಯಿತು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. ಸರ್ಕಾರಿ ಶಾಲೆಯ ಟೀಚರುಗಳು ತೋರಿಸಿಕೊಟ್ಟ ದಾರಿ ಅದು. ಇಬ್ಬರು ಮಕ್ಕಳಿಗೆ ನನ್ನಿಂದ ಆಗಲ್ಲ ಅಂತ ಹೇಳೋಕೆ ನನಗೆ ಮನಸ್ಸು ಬರುವುದಿಲ್ಲ.

ಇಂಗ್ಲಿಷ್?

ಬರುತ್ತಿದೆ. ಶಾಲೆಗೆ ಹೋಗುವ ಅವಳ ವಯಸ್ಸಿನವರಿಗಿಂತ ಮಗಳು ಮಾತಿನಲ್ಲಿ ಸ್ವಲ್ಪ ಹಿಂದೆ, ಓದಿನಲ್ಲಿ ಇಲ್ಲ. ದಿನಾ 20 ನಿಮಿಷ ಇಂಗ್ಲಿಷ್ ಕಥೆಯನ್ನೂ ಗಟ್ಟಿಯಾಗಿ ಓದುತ್ತೇವೆ, ವ್ಯಾಖ್ಯಾನ ಕನ್ನಡದಲ್ಲಿ. ಮನೆ ಭಾಷೆಯಲ್ಲಿ ಗಟ್ಟಿಯಾಗಿ ಓದೋಕೆ ಬಂದ ಮಗುವಿಗೆ ಇನ್ನೊಂದು ಭಾಷೆಯ ಓದು ಬೇಗ ಹತ್ತುತ್ತದೆ, ಇದು ನಾನು ನನ್ನ ಮಗಳಲ್ಲಿ ಕಣ್ಣಾರೆ ಕಂಡದ್ದು.

ನಿಮ್ಮ ಅತ್ತೆ ಒಪ್ಪಿದರಾ?

ಮೊದಲು ಒಪ್ಪಲಿಲ್ಲ. ಬೈಯಲಿಲ್ಲ, ಮಾತು ಬಿಟ್ಟರು. ಅವರಿಗೆ ಏಳನೇ ಕ್ಲಾಸಿಗೇ ಶಾಲೆ ಬಿಡಿಸಿದ್ದರಂತೆ. 'ನನಗೆ ಸಿಗದೇ ಇದ್ದದ್ದನ್ನ ನನ್ನ ಮೊಮ್ಮಗಳಿಗೆ ನೀವೇ ಕೈಯಾರೆ ತಪ್ಪಿಸ್ತಾ ಇದ್ದೀರಿ' ಅಂತ ಒಂದು ದಿನ ಹೇಳಿದರು. ಆ ಮಾತು ನನಗೆ ತುಂಬಾ ನಾಟಿತು. ಅವರು ಹೇಳಿದ್ದರಲ್ಲಿ ನ್ಯಾಯ ಇತ್ತು. 'ಒಂದು ವರ್ಷ ನೋಡೋಣ ಅಮ್ಮಾ, ಆಗಲಿಲ್ಲ ಅಂದರೆ ವಾಪಸ್ ಸೇರಿಸ್ತೀವಿ' ಅಂತ ಮಾತು ಕೊಟ್ಟೆವು. ಈಗ ಅವರೇ ಕನ್ನಡದ ಮೇಡಂ. ಪದ್ಯ ಹೇಳಿಕೊಡುವ ದಿನ ಕನ್ನಡಕ ಒರೆಸಿಕೊಂಡು ಒಗೆದ ಸೀರೆ ಉಟ್ಟು ಕೂರುತ್ತಾರೆ.

ಬೇರೆ ಮಕ್ಕಳ ಜೊತೆ ಬೆರೆಯೋದು ಹೇಗೆ?

ಸಂಜೆ ಶಾಲೆ ಬಿಟ್ಟ ಮೇಲೆ ಬೀದಿ ತುಂಬಾ ಮಕ್ಕಳು. ಲಗೋರಿ, ಕ್ರಿಕೆಟ್ಟು, ಜಗಳ, ರಾಜಿ ಎಲ್ಲ ಇದೆ. ಶನಿವಾರ ನಮ್ಮ ಜಗಲಿಯಲ್ಲಿ ನಡೆಯುವ ಓದಿಗೆ ಅಕ್ಕಪಕ್ಕದ ಏಳೆಂಟು ಮಕ್ಕಳು ಬರುತ್ತಾರೆ, ಚುರುಮುರಿ ಮಾಡಿ ಇಟ್ಟಿರುತ್ತೇನೆ. ಆದರೂ ಒಂದು ಕೊರತೆ ಇದೆ, ಮುಚ್ಚಿಡುವುದಿಲ್ಲ. ಮಗಳಿಗೆ ಇಡೀ ದಿನ ಜೊತೆಗಿರುವ ಗೆಳತಿ ಇಲ್ಲ. ಸ್ಕೂಲ್ ಡೇ, ಪ್ರವಾಸದ ಮಾತು ಬಂದಾಗ ಅವಳು ಸುಮ್ಮನಾಗುತ್ತಾಳೆ. ಅದಕ್ಕೇ ಪ್ರತಿ ವರ್ಷ ಮೇ ತಿಂಗಳಲ್ಲಿ ಅವಳನ್ನು ಕೂರಿಸಿಕೊಂಡು ಕೇಳುತ್ತೇವೆ, 'ಈ ಸಲ ಶಾಲೆಗೆ ಹೋಗ್ತೀಯಾ?' ಅವಳು ಹೂಂ ಅಂದ ವರ್ಷ ಸೇರಿಸುತ್ತೇವೆ.

ಮೊಬೈಲ್ ಕೊಡ್ತೀರಾ?

ಕೊಡುತ್ತೇವೆ, ನನ್ನದನ್ನೇ, ಹಾಲ್‌ನಲ್ಲಿ ಕೂತು, ಅರ್ಧ ಗಂಟೆ.

ಪರೀಕ್ಷೆ, ಎಸ್ಸೆಸ್ಸೆಲ್ಸಿ ಕಥೆ ಏನು?

ಎನ್‌ಐಓಎಸ್ ಅಂತ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಇದೆ, 1989ರಲ್ಲಿ ಶುರುವಾದದ್ದು, ಕೇಂದ್ರ ಶಿಕ್ಷಣ ಇಲಾಖೆಗೆ ಸೇರಿದ್ದು. 14 ತುಂಬಿದ ಮಗು ಅಲ್ಲಿ ಹತ್ತನೇ ತರಗತಿಗೆ ಹೆಸರು ನೋಂದಾಯಿಸಬಹುದು. ಐದು ವಿಷಯ ಪಾಸಾಗಬೇಕು, ಭಾಷೆಗಳಲ್ಲಿ ಕನ್ನಡವೂ ಇದೆ. ವರ್ಷಕ್ಕೆ ಎರಡು ಸಲ ಪರೀಕ್ಷೆ. ಒಂದು ಸಲ ಸೇರಿದರೆ ಐದು ವರ್ಷದೊಳಗೆ ಒಂಬತ್ತು ಅವಕಾಶ, ಎಲ್ಲವನ್ನೂ ಒಂದೇ ಸಲ ಬರೆಯಬೇಕು ಅಂತಿಲ್ಲ. ಆಮೇಲೆ ಪಿಯುಸಿಗೆ ಸೇರಲು ದಾರಿ ಇದೆ. ಮಗಳಿಗೆ ಇನ್ನೂ ಮೂರು ವರ್ಷ ಇದೆ. ನಿಯಮ, ಫೀಸು ಬದಲಾಗುತ್ತಿರುತ್ತವೆ, ಸೇರಿಸುವ ವರ್ಷ ಅವರ ವೆಬ್‌ಸೈಟನ್ನೇ ನೋಡಿಕೊಳ್ಳಿ. ನಡುವೆ ಏಜೆಂಟರು ಬೇಡ.

ನಿಮಗೆ ಸುಸ್ತಾಗಲ್ವಾ? ತಪ್ಪು ಮಾಡಿದೆ ಅನ್ನಿಸಿಲ್ವಾ?

ಸುಸ್ತಾಗುತ್ತದೆ. ಮೊದಲ ಎರಡು ತಿಂಗಳಂತೂ ನಾನು ಮನೆಯನ್ನೇ ಶಾಲೆ ಮಾಡಿದ್ದೆ. ಗೋಡೆಗೆ ಬೋರ್ಡು, 40 ನಿಮಿಷಕ್ಕೊಂದು ಪೀರಿಯಡ್ಡು, ವೇಳಾಪಟ್ಟಿ. ಮಗಳು ಒಂದು ದಿನ ಅಳುತ್ತಾ, 'ಶಾಲೆಯಲ್ಲಿ ಮಿಸ್ ಬೈದರೆ ಮನೆಗೆ ಬಂದು ಅಮ್ಮನಿಗೆ ಹೇಳ್ತಿದ್ದೆ. ಈಗ ಯಾರಿಗೆ ಹೇಳಲಿ?' ಅಂದಳು. ಅವತ್ತು ರಾತ್ರಿ ಬೋರ್ಡು ಕೆಳಗಿಳಿಸಿದೆ. ಮುಂದಿನ ಇಪ್ಪತ್ತು ದಿನ ಪಾಠ ಅಂತ ಏನೂ ಮಾಡಲಿಲ್ಲ, ಬರೀ ಕಥೆ ಓದಿದೆವು. ನಮ್ಮ ಈಗಿನ ವಾರ ಹುಟ್ಟಿದ್ದು ಆ ಇಪ್ಪತ್ತು ದಿನದಿಂದ.

ನಾವೂ ಶುರು ಮಾಡಬೇಕು ಅಂತಿದ್ದೇವೆ. ಎಲ್ಲಿಂದ?

ಶಾಲೆ ಬಿಡಿಸಲು ಅವಸರ ಮಾಡಬೇಡಿ. ದಸರಾ ರಜೆ ಇದೆಯಲ್ಲ, ಆಗ ಒಂದು ಪುಸ್ತಕ ತಂದು, ಮನೆಯ ಎಲ್ಲರೂ ಇರುವ ಒಂದು ಹೊತ್ತು ನೋಡಿ, ದಿನಾ ಮುಕ್ಕಾಲು ಗಂಟೆ ಓದಿ. ಮನೆಯ ಹಿರಿಯರನ್ನು ಬಿಡಬೇಡಿ, ಅವರ ಹತ್ತಿರ ಏನಿದೆ ಅಂತ ಕೇಳಿ. ಇಷ್ಟು ಮಾಡಲು ಶಾಲೆ ಬಿಡಿಸಬೇಕಾಗಿಯೂ ಇಲ್ಲ. ಎಷ್ಟೋ ಮನೆಗಳಿಗೆ ಇಷ್ಟೇ ಸಾಕಾಗುತ್ತದೆ, ನನಗೆ ಹಾಗೆ ಫೋನ್ ಮಾಡಿ ಹೇಳಿದವರಿದ್ದಾರೆ.

ಬಿಡಿಸುವುದೇ ನಿಶ್ಚಯ ಆದರೆ ಟಿಸಿ ತೆಗೆದುಕೊಂಡು ಜೋಪಾನ ಮಾಡಿ, ಫೈಲು ಶುರು ಮಾಡಿ, ಓದಿದ ಪುಸ್ತಕದ ಹೆಸರು, ತಾರೀಖು ಬರೆದಿಡಿ. ನಮ್ಮ ಪಟ್ಟಿ ಬರೆಯುವುದು ಈಗ ಮಗನ ಕೆಲಸ. ಈ ವಾರ ಸೆಕೆಂಡ್ ಶಿಫ್ಟ್. ಇವತ್ತು ಬೆಳಿಗ್ಗೆ ಅವನು ಬರೆದದ್ದರಲ್ಲಿ ಎರಡು ಅರ್ಕಾವತ್ತು ಇದ್ದವು, ಎರಡೂ ಸರಿಯಾಗಿದ್ದವು.